ಇಳಿತದ ನೀರಿಗೆ ಹೋದ ಕಸ

ವರ್ಡೆಲ್ ಮನಿಗೋ ಗುಡಿಸಿದ ಅಂಗಳದಲ್ಲಿ ಇರುವೆಯೂ ಅಪ್ಪಣೆ ಕೇಳಿಯೇ ಕಾಲಿಡುತ್ತದೆ ಎಂದು ಅವಳ ತಂಗಿ ಲೂವೀನಿಯಾ ಹಂಗಿಸುತ್ತಿದ್ದಳು. ಹಂಗಿಸುವುದರಲ್ಲಿ ಲೂವೀನಿಯಾ ಎತ್ತಿದ ಕೈ. ಆದರೆ ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ದಕ್ಷಿಣ ಕ್ಯಾರೊಲೈನಾದ ಈ ಕರಾವಳಿಯಲ್ಲಿ, ಅದರಲ್ಲೂ ಸ್ಕಾಟ್ಸ್ ನೆಕ್‌ನ ನಮ್ಮ ಕರಿಯರ ಕೇರಿಯಲ್ಲಿ, ಹುಲ್ಲು ಬೆಳೆದ ಅಂಗಳವೆಂದರೆ ಹಾವಿಗೆ ಹಾಸಿಗೆ, ಮನೆಯೊಡತಿಗೆ ಅವಮಾನ. ಮರಳುನೆಲವನ್ನು ಕಡ್ಡಿಪೊರಕೆಯಲ್ಲಿ ಬೋಳಾಗಿ ಗುಡಿಸಿ, ಮೇಲೆ ಮೀನಿನ ಮುಳ್ಳಿನ ಹಾಗೆ ಗೆರೆ ಎಳೆದು ಬಿಡಬೇಕು. ರಾತ್ರಿ ಯಾರು ಬಂದರು, ಯಾರು ಹೋದರು ಎಂದು ಬೆಳಿಗ್ಗೆ ಹೆಜ್ಜೆ ನೋಡಿ ಹೇಳಬಹುದು. ಮದುವೆಯಾದ ಹೊಸತರಲ್ಲಿ ವರ್ಡೆಲ್‌ಳ ಗಂಡ ಬಾಯಲ್ಲಿ ಒಂದು ಹೇಳಿದರೆ ಅಂಗಳ ಇನ್ನೊಂದು ಹೇಳುತ್ತಿತ್ತು. ಪಾಪ, ಅವನು ಹೆಂಡತಿಗಿಂತ ಅಂಗಳಕ್ಕೇ ಹೆಚ್ಚು ಹೆದರಿ ಹೊತ್ತಿಗೆ ಸರಿಯಾಗಿ ಮನೆ ಸೇರುವುದನ್ನು ಕಲಿತ. ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು. ಗೆರೆ ಎಳೆಯುವುದನ್ನು ಮಾತ್ರ ಅವಳು ಬಿಡಲಿಲ್ಲ.

ಮನೆಯ ಅಂಗಳ ಮುಗಿಸಿ ಅವಳು ಹೋಗುತ್ತಿದ್ದುದು ಆರ್ಮಿಸ್ಟನ್ ತೋಟಕ್ಕೆ. ತೋಟ ಎನ್ನುವುದು ಹೆಸರಿಗೆ. ಹಿಂದೆ ಅಲ್ಲಿ ಗದ್ದೆಗಳಿದ್ದವು, ಗದ್ದೆಗೆ ಗುಲಾಮರಿದ್ದರು, ಅವರು ಬೆಳೆದ ಭತ್ತದಲ್ಲಿ ಬಿಳಿ ಕಂಬದ ದೊಡ್ಡಮನೆ ಎದ್ದಿತ್ತು. ಈಗ ಭತ್ತವೂ ಇಲ್ಲ, ಯಜಮಾನರೂ ಇಲ್ಲ. ಒಂದು ಕಂಪನಿ ಅದನ್ನು ಕೊಂಡು ಮದುವೆಗೆ ಬಾಡಿಗೆ ಕೊಡುತ್ತದೆ. ದೂರದ ಊರಿನ ಹುಡುಗಿಯರು ಬಿಳಿ ಗೌನು ತೊಟ್ಟು ಆ ಕಂಬಗಳಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ದೊಡ್ಡಮನೆಯ ಹಿಂದೆ ಇಟ್ಟಿಗೆಯ ಅಡುಗೆಮನೆ, ಅದರ ಹಿಂದೆ ಒಂದು ಅಂಗಳ, ಅಂಗಳದ ಕೊನೆಗೆ ಓಕ್ ಮರ, ಮರದಾಚೆ ಸಮುದ್ರದ ನೀರು ಏರಿ ಇಳಿಯುವ ತೊರೆ. ಹದಿಹರೆಯದಲ್ಲಿ ಬಟ್ಟೆ ಒಗೆಯಲು ಸೇರಿದ ವರ್ಡೆಲ್, ಯಜಮಾನರು ಬದಲಾದರೂ ತಾನು ಬದಲಾಗದೆ, ಮುದುಕಿಯಾಗುವವರೆಗೆ ಅಲ್ಲೇ ಉಳಿದಳು. ಕಂಪನಿಯ ಲೆಕ್ಕದಲ್ಲಿ ಅವಳು ಸ್ವಚ್ಛತೆಯವಳು. ಅವಳ ಲೆಕ್ಕದಲ್ಲಿ ಅವಳು ಬೈನಾಳ ಅಂಗಳ ನೋಡಿಕೊಳ್ಳುವವಳು.

ಬೈನಾ ಅವಳ ಅಜ್ಜಿಯ ಅಜ್ಜಿ. ಗುಲಾಮಗಿರಿಯ ಕಾಲದಲ್ಲಿ ಆ ಅಡುಗೆಮನೆಯ ಒಲೆ ಕಾದವಳು. ಗದ್ದೆಯಲ್ಲಿ ದುಡಿಯುವವರ ಗುಡಿಸಲುಗಳ ಸಾಲು ದೂರದಲ್ಲಿತ್ತು. ಬೈನಾ ಮತ್ತು ಅವಳ ಮಕ್ಕಳಿಗೆ ಮಾತ್ರ ಅಡುಗೆಮನೆಯ ಅಂಗಳದಲ್ಲೇ ಎರಡು ಕೋಣೆಯ ಮರದ ಗುಡಿಸಲು. ಸಲಿಗೆಯಿಂದ ಕೊಟ್ಟದ್ದಲ್ಲ. ಯಜಮಾನಿಗೆ ನಡುರಾತ್ರಿ ಬಿಸಿ ಹಾಲು ಬೇಕೆನಿಸಿದರೆ ಕೂಗಿದ ಕೂಡಲೇ ಓಡಿ ಬರಲಿ ಎಂದು ಕೊಟ್ಟದ್ದು. ಇದನ್ನೆಲ್ಲ ವರ್ಡೆಲ್‌ಗೆ ಹೇಳಿದವಳು ಅವಳನ್ನು ಸಾಕಿದ ಅಜ್ಜಿ ಸಿಬ್ಬಿ. ಸಿಬ್ಬಿ ಚಿಕ್ಕವಳಿದ್ದಾಗ ಬೈನಾ ಬದುಕಿದ್ದಳು. ಸಿಬ್ಬಿಗೆ ಪೊರಕೆ ಹಿಡಿಯುವುದನ್ನು ಕಲಿಸಿದ್ದೂ ಅವಳೇ; ವರ್ಡೆಲ್‌ಗೆ ಕಲಿಸಿದ್ದು ಸಿಬ್ಬಿ.

"ಗೆರೆ ಬಾಗಿಲಿಂದ ಶುರುವಾಗ್ಬೇಕು, ನೀರಲ್ಲಿ ಮುಗೀಬೇಕು" ಎನ್ನುತ್ತಿದ್ದಳು ಸಿಬ್ಬಿ. "ಕಸಾನ ಅಂಚಲ್ಲಿ ಗುಡ್ಡೆ ಹಾಕ್ಬೇಡ. ನೀರು ಇಳೀತಾ ಇರೋವಾಗ ತೊರೆಗೆ ತಳ್ಳು. ಏರ್ತಾ ಇರೋವಾಗ ತಳ್ಳಿದ್ರೆ ಸಂಜೆ ಹೊತ್ತಿಗೆ ವಾಪಸ್ ಬಂದು ಬಾಗಿಲಲ್ಲಿ ಕೂತಿರುತ್ತೆ."

ಇದು ಶುಚಿಯ ಪಾಠವಲ್ಲ, ಜೀವ ಉಳಿಸಿಕೊಳ್ಳುವ ಪಾಠ. ಆ ಯಜಮಾನಿಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ಕೋಲು ಹಿಡಿದು ಅಡುಗೆಮನೆಯ ಹಿಂದೆ ಬರುವಳು, ಕಸದ ಗುಡ್ಡೆಯನ್ನು ಕೆದಕುವಳು. ಒಂದು ಕೋಳಿ ಮೂಳೆ ಸಿಕ್ಕರೆ, ಒಂದು ಮೊಟ್ಟೆಯ ಸಿಪ್ಪೆ ಸಿಕ್ಕರೆ, ತಿಂದವರು ಯಾರು ಎಂಬ ವಿಚಾರಣೆ. ವಿಚಾರಣೆ ಎಂದರೆ ಚಾವಟಿ. ಪಕ್ಕದ ತೋಟದ ಅಡುಗೆಯವಳೊಬ್ಬಳು ಟರ್ಕಿ ಕೋಳಿಯ ಕಾಲು ಮೂಳೆಯೊಂದಕ್ಕೆ ಬೆನ್ನಿನ ಚರ್ಮ ಕಳೆದುಕೊಂಡಿದ್ದಳು. ಬೈನಾಗೆ ಹಸಿದ ಮಕ್ಕಳಿದ್ದರು, ಮುಂದೆ ಮಾಂಸದ ಪಾತ್ರೆಯಿತ್ತು. ಅವಳು ಮಕ್ಕಳಿಗೆ ತಿನ್ನಿಸಿದಳು. ತಿನ್ನಿಸಿ, ಬೆಳಕು ಹರಿಯುವ ಮೊದಲು ಮೂಳೆ, ಸಿಪ್ಪೆ, ಒಡೆದ ಮಡಕೆ, ಎಲ್ಲವನ್ನೂ ಗುಡಿಸಿ ತೊರೆಗೆ ಸೇರಿಸಿದಳು. ಯಜಮಾನಿ ಬಂದು ನೋಡಿದರೆ ಗೆರೆ ಎಳೆದ ಬರೀ ಮರಳು. ಒಂದು ಸಲವೂ ಅವಳು ಸಿಕ್ಕಿಬೀಳಲಿಲ್ಲ. ನಮ್ಮ ಜನ ಇದನ್ನು ಹೇಳುವಾಗ ಈಗಲೂ ಎದೆ ಉಬ್ಬಿಸಿ ಹೇಳುತ್ತಾರೆ.

ಬಿಡುಗಡೆಯಾದ ಮೇಲೂ ಅದೇ ಅಂಗಳವನ್ನು ಬೈನಾ ಹಾಗೇ ಗುಡಿಸಿದಳು, ಸಿಬ್ಬಿ ಹಾಗೇ ಗುಡಿಸಿದಳು, ವರ್ಡೆಲ್ ಹಾಗೇ ಗುಡಿಸಿದಳು. ಬೈನಾಳ ಆ ಗುಡಿಸಲು ಯಾವಾಗಲೋ ಬಿದ್ದು ಅದರ ಹಲಗೆ, ಇಟ್ಟಿಗೆ ಊರ ಪಾಲಾದವು. ಮಳೆ ಬಂದ ಮರುದಿನ ನೆಲದಿಂದ ಏನಾದರೊಂದು ಮೇಲೆ ಬರುತ್ತಿತ್ತು. ತಂಬಾಕು ಸೇದುವ ಮಣ್ಣಿನ ಪೈಪಿನ ತುಂಡು, ಕೈಯಲ್ಲಿ ತಟ್ಟಿದ ಮಡಕೆಯ ಚೂರು, ಹಂದಿಯ ಹಲ್ಲು, ಒಮ್ಮೆ ನೀಲಿ ಮಣಿಯೊಂದು. ಮಣಿಯನ್ನು ವರ್ಡೆಲ್ ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಸತ್ತವರ ಸಾಮಾನು ಮನೆಗೆ ತಂದರೆ ಅವರೂ ಹಿಂದೆಯೇ ಬರುತ್ತಾರೆ ಎಂದು ಸಿಬ್ಬಿ ಹೇಳಿದ್ದು ನೆನಪಾಗಿ, ನೀರು ಇಳಿಯುವವರೆಗೆ ಕಾದು, ಅದನ್ನೂ ತೊರೆಗೆ ಬಿಟ್ಟಳು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಮನೆಗೆ ಹೋದಳು.

ಹೀಗಿರುವಾಗ ಕಂಪನಿಯವರು ಅಡುಗೆಮನೆಯ ಅಂಗಳದಲ್ಲಿ ಊಟದ ಹಾಲ್ ಕಟ್ಟುತ್ತೇವೆಂದು ಅರ್ಜಿ ಹಾಕಿದರು. ಮದುವೆಗೆ ಬಂದವರಿಗೆ ಮಳೆಯಲ್ಲಿ ಡೇರೆ ಸಾಲದಂತೆ. ಸ್ಕಾಟ್ಸ್ ನೆಕ್ ಚರ್ಚಿನಲ್ಲಿ ಸಭೆ ಸೇರಿತು. ಎಲ್ಲರೂ ಕೂಗಾಡಿದರು. ಕೊನೆಗೆ ಎದ್ದು ನಿಂತವಳು ವರ್ಡೆಲ್.

"ಬೈನಾ ಅಲ್ಲಿ ಹೆತ್ತಳು. ನನ್ನಜ್ಜಿಯ ಅಮ್ಮ ಹುಟ್ಟಿದ್ದು ಆ ಅಂಗಳದಲ್ಲಿ. ಅದರ ಮೇಲೆ ಕುಣಿಯೋಕೆ ನಾನು ಬಿಡಲ್ಲ" ಎಂದಳು.

ಕಟ್ಟಡಕ್ಕೆ ಅನುಮತಿ ಕೊಡುವ ಕೌಂಟಿ ಮಂಡಳಿ ತಕರಾರು ಕೇಳಿಸಿಕೊಂಡಿತು. ಅಂಗಳದಲ್ಲಿ ಗುಲಾಮರ ಮನೆ ಇದ್ದದ್ದು ರುಜುವಾತಾದರೆ ಆ ನೆಲ ಮುಟ್ಟುವಂತಿಲ್ಲ, ಇಲ್ಲದಿದ್ದರೆ ಕಂಪನಿ ಕಟ್ಟಬಹುದು ಎಂದಿತು. ಅಡುಗೆಯವರು ದೂರದ ಗುಡಿಸಲುಗಳಿಂದ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು, ಅಂಗಳದಲ್ಲಿ ಯಾರೂ ವಾಸವಿರಲಿಲ್ಲ ಎಂದು ಕಂಪನಿ ವಾದಿಸಿತು. ಅಜ್ಜಿ ಹೇಳಿದ ಮಾತು ರುಜುವಾತಲ್ಲವಂತೆ. ನೆಲ ಹೇಳಬೇಕಂತೆ.

ನೆಲದ ಬಾಯಿ ಬಿಡಿಸಲು ಬಂದವಳು ಡಾಕ್ಟರ್ ಕೆಂಡ್ರಾ ಪೆಟಿಫೋರ್ಡ್. ಪುರಾತತ್ತ್ವ ಓದಿದವಳು, ಒಹಾಯೊ ಕಡೆಯ ಹುಡುಗಿ, ನಮ್ಮದೇ ಬಣ್ಣದವಳು. ವರ್ಡೆಲ್ ಅವಳನ್ನು ಮೊದಲ ದಿನವೇ ಮೆಚ್ಚಿಕೊಂಡಳು. ತೆಳ್ಳಗಿದ್ದಾಳೆಂದು ನೊಂದುಕೊಂಡು ದಿನವೂ ಟೊಮೇಟೊ ಹಾಕಿದ ಕೆಂಪನ್ನ, ಬೆಂಡೆಕಾಯಿ ಸಾರು, ಅಲಸಂದೆ ಕಾಳು ಹೊತ್ತು ತಂದಳು. ಪೆಟಿಫೋರ್ಡ್‌ಳ ಜನ ದಾರ ಕಟ್ಟಿ ಚೌಕ ಮಾಡಿ, ಕರಣೆಯಲ್ಲಿ ಮಣ್ಣನ್ನು ಸವರಿ ತೆಗೆದು, ಜರಡಿಯಲ್ಲಿ ಜಾಲಿಸಿದರು. ವರ್ಡೆಲ್ ಬಕೆಟ್ ಬೋರಲು ಹಾಕಿಕೊಂಡು ಕೂತು, ಈಗ ಸಿಕ್ಕೀತು ಆಗ ಸಿಕ್ಕೀತು ಎಂದು ಜರಡಿಯನ್ನೇ ನೋಡುತ್ತಿದ್ದಳು.

ಅಡುಗೆಮನೆಯ ಒಳಗೆ ಸಿಕ್ಕಿತು. ಸುಟ್ಟ ಮೂಳೆ, ಪಿಂಗಾಣಿ ಚೂರು, ಮುರಿದ ಸೌಟು. ಆದರೆ ಅದು ಅಡುಗೆ ಮಾಡಿದ್ದಕ್ಕೆ ಗುರುತು; ಅಡುಗೆ ಮಾಡಿರಲಿಲ್ಲವೆಂದು ಯಾರೂ ಹೇಳಿರಲಿಲ್ಲ. ಅಂಗಳದಲ್ಲಿ ಏನೂ ಇಲ್ಲ. ಬರೀ ಹಳದಿ ಮರಳು.

ಒಂದು ಮಧ್ಯಾಹ್ನ ಪೆಟಿಫೋರ್ಡ್ ತಟ್ಟೆ ಹಿಡಿದು ವರ್ಡೆಲ್‌ಳ ಪಕ್ಕ ನೆಲದಲ್ಲೇ ಕೂತಳು. ಊಟ ಮುಟ್ಟಲಿಲ್ಲ.

"ಮಿಸ್ ವರ್ಡೆಲ್, ನಮ್ಮೋರು ಅಂಗಳ ಗುಡಿಸ್ತಿದ್ರು ಅಂತ ನನಗೆ ಗೊತ್ತು. ನಡುವೆ ಏನೂ ಸಿಗಲ್ಲ ಅನ್ನೋದೂ ಗೊತ್ತಿತ್ತು. ಬೇರೆ ತೋಟಗಳಲ್ಲಿ ಗುಡಿಸಿದ್ದೆಲ್ಲ ಅಂಚಲ್ಲಿ ಸಿಕ್ಕಿದೆ, ಬೇಲಿ ಬುಡದಲ್ಲಿ, ಮರದ ಬುಡದಲ್ಲಿ. ಬುಟ್ಟಿಗಟ್ಟಲೆ. ಇಲ್ಲಿ ಅಂಚನ್ನೂ ಅಗೆದು ನೋಡಿದೆ. ಅಂಗಿಯ ಒಂದು ಗುಂಡಿ ಕೂಡ ಇಲ್ಲ. ಇಲ್ಲಿ ನಿಜವಾಗ್ಲೂ ಜನ ಇದ್ರಾ?"

ವರ್ಡೆಲ್‌ಗೆ ಮೊದಲು ಸಿಟ್ಟು ಬಂತು. ನೀನೂ ಅವರ ಹಾಗೇ ಕೇಳ್ತೀಯಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಅಂಚಿನಿಂದ ಮರಕ್ಕೆ, ಮರದಿಂದ ತೊರೆಗೆ ಹೋಯಿತು.

"ಅಂಚಲ್ಲಿ ಹೇಗೆ ಸಿಗುತ್ತಮ್ಮ" ಎಂದಳು ನಿಧಾನವಾಗಿ. "ನಾವು ಅಂಚಲ್ಲಿ ಬಿಡ್ತಾನೇ ಇರ್ಲಿಲ್ಲ. ನೀರಿಗೆ ಹಾಕ್ತಿದ್ವಿ."

"ಯಾರು?"

"ಎಲ್ರೂ. ಬೈನಾ. ನನ್ನಜ್ಜಿ. ನಾನು."

ಯಜಮಾನಿಯ ಕೋಲಿನ ಕಥೆಯನ್ನೆಲ್ಲ ಪೆಟಿಫೋರ್ಡ್ ಕೇಳಿಸಿಕೊಂಡಳು. ತಟ್ಟೆ ಕೆಳಗಿಟ್ಟು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. ಬಾಗಿಲ ಮೆಟ್ಟಿಲಲ್ಲಿ ಮೇಲಿನ ಕಲ್ಲು ಹಳೆಯದು, ಕೆಳಗಿನ ಎರಡು ಆಮೇಲೆ ಸೇರಿಸಿದ ಇಟ್ಟಿಗೆಯವು. ದಿನದಿನವೂ ಪೊರಕೆ ಒಂದಿಷ್ಟು ಮರಳನ್ನು ಎಳೆದೊಯ್ದು, ತಲೆಮಾರುಗಳು ಕಳೆಯುವಷ್ಟರಲ್ಲಿ ಎರಡು ಮೆಟ್ಟಿಲು ಕಟ್ಟುವಷ್ಟು ಅಂಗಳವೇ ತಗ್ಗಿಹೋಗಿತ್ತು. ಗುಡಿಸಲ ಕಂಬ ನೆಟ್ಟ ಗುರುತು, ಒಲೆಯ ಬೂದಿ, ಬೈನಾಳ ಮಕ್ಕಳು ಆಡಿದ ನೆಲ, ಎಲ್ಲ ಆ ಮರಳಿನ ಜೊತೆಗೇ ಹೋಗಿದ್ದವು. ಪೆಟಿಫೋರ್ಡ್ ಛಲ ಬಿಡದೆ ತೊರೆಯ ಕೆಸರಿಗೂ ಇಳಿದಳು. ಅಲ್ಲಿ ಮಡಕೆ ಚೂರು ಸಿಕ್ಕಿತು, ಜೊತೆಗೆ ಬಿಯರ್ ಬಾಟಲಿ, ದೋಣಿಯ ಮೊಳೆ, ಮೇಲಿನ ಯಾವ ಯಾವುದೋ ತೋಟದ ಕಸ ಸಿಕ್ಕಿತು. ಯಾವುದು ಯಾರದೆಂದು ದೇವರೇ ಹೇಳಬೇಕು.

ಸುದ್ದಿ ತಿಳಿದು ಲೂವೀನಿಯಾ ಅಕ್ಕನ ಮನೆಗೆ ಬಂದಳು.

"ಅಕ್ಕ, ನಮ್ಮ ಹಿತ್ತಿಲಲ್ಲಿ ಅಂಥ ಮಡಕೆ ಚೂರು ಬೇಕಾದಷ್ಟಿದೆ. ಕೈಚೀಲದಲ್ಲಿ ಹಾಕ್ಕೊಡ್ತೀನಿ. ಊಟ ತಗೊಂಡು ಹೋಗ್ತೀಯಲ್ಲ, ಅವರು ಬಗ್ಗಿದಾಗ ಗುಂಡೀಲಿ ಉದುರಿಸು."

"ತಲೆ ಕೆಟ್ಟಿದೆಯಾ ನಿಂಗೆ?"

"ನಂಗಲ್ಲ ತಲೆ ಕೆಟ್ಟಿರೋದು. ಮಣಿ ಸಿಕ್ರೆ ನೀರಿಗೆ ಬಿಟ್ಟೋಳು ನೀನು. ಯಾರಾದ್ರೂ ಇಟ್ಕೊಳ್ತಿದ್ರು."

ವರ್ಡೆಲ್, "ಬೈನಾ ಇದ್ದಳು ಲೂವೀನಿಯಾ. ಇದ್ದೋಳನ್ನ ಇದ್ದಳು ಅನ್ನೋಕೆ ನಾನು ಸುಳ್ಳು ಹೂಳಬೇಕಾ?" ಎಂದಳು.

"ಹೂಳಬೇಡ. ಪೊರಕೆ ಹಿಡ್ಕೊಂಡು ಸತ್ಯಾನ ಗುಡಿಸ್ತಾ ಇರು" ಎಂದು ತಂಗಿ ಮೂಗು ಮುರಿದು ಹೋದಳು.

ಮಂಡಳಿಯ ವಿಚಾರಣೆಯ ದಿನ ಸ್ಕಾಟ್ಸ್ ನೆಕ್‌ನವರೆಲ್ಲ ಚರ್ಚಿಗೆ ಹೋಗುವ ಬಟ್ಟೆಯಲ್ಲಿ ಬಂದು ಕೂತರು. ಪೆಟಿಫೋರ್ಡ್ ಮೆಟ್ಟಿಲಿನ ಚಿತ್ರ ತೋರಿಸಿ, ನೆಲ ತಗ್ಗಿದ್ದನ್ನು ವಿವರಿಸಿ, ಬರಿದಾಗಿರುವುದೇ ಇಲ್ಲಿ ಸಾಕ್ಷಿ ಎಂದಳು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, "ಗುಡಿಸಿದ್ದಕ್ಕೆ ಸಾಕ್ಷಿ ಇದೆ, ಒಪ್ಪಿದೆ. ಬಾಳಿದ್ದಕ್ಕೆ ಎಲ್ಲಿದೆ?" ಎಂದರು. ಆಮೇಲೆ ವರ್ಡೆಲ್‌ಳ ಸರದಿ. ಅವಳು ಬೈನಾಳ ಕಥೆಯನ್ನು ಹೆದರದೆ, ಒಂದಕ್ಷರ ತಪ್ಪದೆ ಹೇಳಿದಳು. ಹೇಳಿ ಮುಗಿಸಿದಾಗ ಕಂಪನಿಯ ಮ್ಯಾನೇಜರ್ ಹ್ಯಾಲ್ಸಿ ಎದ್ದ. ಬೆಣ್ಣೆಯಂಥ ಮಾತಿನವನು. ಅವನು ಬೈದಿದ್ದರೆ ವರ್ಡೆಲ್‌ಗೆ ಸುಲಭವಾಗುತ್ತಿತ್ತು.

"ಮಿಸ್ ವರ್ಡೆಲ್, ನಿಮ್ಮ ಮೇಲೆ ನಮಗೆಲ್ಲ ಎಷ್ಟು ಗೌರವ ಇದೆ ಅಂತ ನಿಮಗೆ ಗೊತ್ತು."

"ಗೊತ್ತು. ಮುಂದಿಂದು ಹೇಳಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹ್ಯಾಲ್ಸಿಯೂ ನಕ್ಕ.

"ಆ ಅಂಗಳಾನ ನಿಮ್ಮಷ್ಟು ಹತ್ತಿರದಿಂದ ನೋಡಿದೋರು ಬೇರೆ ಯಾರೂ ಇಲ್ಲ, ಅಲ್ವಾ? ಇಷ್ಟು ವರ್ಷದಲ್ಲಿ ಅಲ್ಲಿ ಮನೆ ಇತ್ತು ಅನ್ನೋಕೆ ಏನಾದ್ರೂ ನಿಮ್ಮ ಕಣ್ಣಿಗೆ ಬಿದ್ದಿದೆಯಾ?"

"ಬಿದ್ದಿದೆ. ಮಡಕೆ ಚೂರು, ಪೈಪ್, ಹಲ್ಲು. ಒಂದು ನೀಲಿ ಮಣಿ."

"ಒಳ್ಳೇದಾಯ್ತು. ಅವು ಈಗ ಎಲ್ಲಿವೆ?"

"ತೊರೇಲಿ."

"ತೊರೆಗೆ ಯಾರು ಹಾಕಿದ್ದು?"

ಮುಂದಿನ ಸಾಲಿನಲ್ಲಿ ಕೂತಿದ್ದ ಲೂವೀನಿಯಾ ತಲೆ ತಗ್ಗಿಸಿದಳು. ವರ್ಡೆಲ್ ತಗ್ಗಿಸಲಿಲ್ಲ.

"ನಾನೇ."

"ಧನ್ಯವಾದ ಮಿಸ್ ವರ್ಡೆಲ್. ನಿಮ್ಮ ಪ್ರಾಮಾಣಿಕತೆಗೆ ನಾವು ಋಣಿ" ಎಂದು ಹ್ಯಾಲ್ಸಿ ಕೂತ. ಅವನು ಹೃದಯ ತುಂಬಿಯೇ ಹಾಗೆಂದಿರಬೇಕು. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಾವಟಿ ಹಿಡಿದವನನ್ನು ದ್ವೇಷಿಸಬಹುದು, ಕೈ ಮುಗಿಯುತ್ತ ಕಿತ್ತುಕೊಳ್ಳುವವನನ್ನು ಏನು ಮಾಡುವುದು?

ಮಂಡಳಿಯವರು ಕೈ ಎತ್ತಿ ಮತ ಹಾಕಿದರು. ಕಂಪನಿಗೆ ಅನುಮತಿ ಸಿಕ್ಕಿತು.

ಐದು ತಲೆಮಾರಿನ ಜಾಣತನ ಹೀಗೆ ತಿರುಗಿಬಿತ್ತು. ಯಜಮಾನಿಯ ಕಣ್ಣಿಗೆ ಮಣ್ಣೆರಚಿ ಗೆದ್ದೆವೆಂದು ಬೀಗುತ್ತಿದ್ದೆವಲ್ಲ, ಅವಳಿಗೆ ಸಿಗದಂತೆ ಮುಚ್ಚಿಟ್ಟದ್ದು ನಮಗೂ ಸಿಗಲಿಲ್ಲ. ಮೂಳೆ ಸಿಕ್ಕಿದ್ದರೆ ಅಂದು ಹೊಡೆತ. ಸಿಗದೇ ಇದ್ದುದಕ್ಕೆ ಇಂದು ಹೊಡೆತ. ಪೆಟಿಫೋರ್ಡ್ ಹೊರಗೆ ಕಾರಿನ ಬಳಿ ವರ್ಡೆಲ್‌ಳ ಕೈ ಹಿಡಿದು ಅತ್ತಳು. ವರ್ಡೆಲ್ ಅವಳಿಗೆ ಕರವಸ್ತ್ರ ಕೊಟ್ಟು, "ಸರಿಯಾಗಿ ಊಟ ಮಾಡು" ಎಂದಷ್ಟೇ ಹೇಳಿದಳು.

ಹಾಲ್ ಎದ್ದಿತು. ಸುತ್ತ ಉಳಿದ ಜಾಗಕ್ಕೆಲ್ಲ ಚಾಪೆ ಸುತ್ತಿದಂತೆ ಸುತ್ತಿ ತಂದ ಹುಲ್ಲು ಹಾಸಿದರು. ಹ್ಯಾಲ್ಸಿ ವರ್ಡೆಲ್‌ಳನ್ನು ಕರೆದು ತೋರಿಸಿದ.

"ನೋಡಿ ಮಿಸ್ ವರ್ಡೆಲ್, ಇನ್ಮೇಲೆ ನಿಮಗೆ ಗುಡಿಸೋ ಕಷ್ಟ ಇಲ್ಲ."

ಅವಳು ಒಂದು ಗಳಿಗೆ ಆ ಹಸಿರನ್ನು ನೋಡಿದಳು. ಬೈನಾಳ ಬಾಗಿಲ ಮುಂದೆ ಹುಲ್ಲು. ಅಡುಗೆಮನೆಯ ಗೋಡೆಗೆ ಒರಗಿಸಿದ್ದ ತನ್ನ ಪೊರಕೆಯನ್ನು ತೆಗೆದುಕೊಂಡು ಹೊರಟವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ತಂಗಿಯೂ ಮುನಿಸಿನಲ್ಲಿ ಕೆಲವು ವಾರ ಅಕ್ಕನ ಮನೆಯತ್ತ ಸುಳಿಯಲಿಲ್ಲ. ಒಂದು ಶನಿವಾರ ಏಡಿಗಳ ಬುಟ್ಟಿ ಹಿಡಿದು ಬಂದವಳು ಅಕ್ಕನ ಗೇಟಿನಲ್ಲೇ ನಿಂತುಬಿಟ್ಟಳು. ಅಂಗಳದ ತುಂಬ ಓಕ್ ಎಲೆ. ಎಲೆಯ ನಡುವೆ ಕೋಳಿ ಮೂಳೆ, ಸೀಗಡಿ ಸಿಪ್ಪೆ, ಒಡೆದ ಬಾಟಲಿ, ಗುಂಡಿ ಕಿತ್ತ ರವಿಕೆ. ಮೆಟ್ಟಿಲ ಹತ್ತಿರ ಅವರಮ್ಮನ ಹೂವಿನ ಅಂಚಿನ ತಟ್ಟೆ, ನಾಲ್ಕು ಚೂರಾಗಿ.

"ಅಕ್ಕ, ಮೈ ಹುಷಾರಿಲ್ವಾ? ಏನೇ ಇದು, ಹಂದಿ ಗೂಡಾಗಿದೆ."

"ಹುಷಾರಾಗಿದೀನಿ."

"ಅಮ್ಮನ ತಟ್ಟೆ ಒಡೆದಿದೆ."

"ನಾನೇ ಒಡೆದೆ."

ಲೂವೀನಿಯಾ ಬುಟ್ಟಿ ಇಳಿಸಿ, ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ಗುಡಿಸಲು ಬಗ್ಗಿದಳು. ವರ್ಡೆಲ್ ಮೆಟ್ಟಿಲಿಳಿದು ಬಂದು ಅದನ್ನು ಕಿತ್ತುಕೊಂಡಳು. ಕಿತ್ತುಕೊಂಡು, ಹಿಮ್ಮಡಿಯಿಂದ ತಟ್ಟೆಯ ಒಂದು ಚೂರನ್ನು ಮರಳಿನೊಳಗೆ ಒತ್ತಿದಳು, ಇನ್ನೊಂದನ್ನು ಒತ್ತಿದಳು.

"ಅವರಿಗೆ ನಮ್ಮ ಕಸ ಬೇಕಂತೆ" ಎಂದಳು. "ಮುಂದೆ ಯಾವನೋ ಇಲ್ಲೂ ಹಾಲ್ ಕಟ್ಟೋಕೆ ಬರ್ತಾನೆ. ಯಾರೂ ಇರ್ಲಿಲ್ಲ ಅಂತಾನೆ. ಅಗೀಲಿ. ಎಷ್ಟು ಬೇಕೋ ಅಷ್ಟು ಸಿಗಲಿ."

ತಂಗಿ ತಂದ ಏಡಿಯನ್ನು ಬೇಯಿಸಿ ಇಬ್ಬರೂ ಜಗಲಿಯಲ್ಲಿ ತಿಂದರು. ತಿಂದ ಚಿಪ್ಪನ್ನು ವರ್ಡೆಲ್ ಒಂದೊಂದಾಗಿ ಭುಜದ ಮೇಲಿಂದ ಹಿಂದಕ್ಕೆ ಅಂಗಳಕ್ಕೆ ಎಸೆದಳು. ಆಗ ಲೂವೀನಿಯಾ ಗಮನಿಸಿದಳು: ಅಕ್ಕ ತನ್ನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಕೊಂಡಿದ್ದಳು. ಅಂಗಳದ ಕಡೆ ನೋಡಲು ಅವಳಿಂದ ಆಗುತ್ತಿರಲಿಲ್ಲ.